ವಾಪಸು ಕೇಳಿದ ಸ್ಕೂಟರು

ಕೊಟ್ಟ ವಸ್ತುವನ್ನು ವಾಪಸು ಕೇಳುವುದು ನಾಚಿಕೆಗೇಡು. ಸಾಯಲಿಲ್ಲ ಎಂಬ ಕಾರಣಕ್ಕೆ ಕೇಳಬೇಕಾದರಂತೂ ಬಾಯಿಂದ ಮಾತೇ ಹೊರಡುವುದಿಲ್ಲ. ನನಗೆ ಹಾಗಾಯಿತು.

ನಾಲ್ಕು ವರ್ಷಗಳ ಹಿಂದೆ ಕಣ್ಣಿನ ಪೊರೆ ತೆಗೆಸಲು ಕೋಲಾರಕ್ಕೆ ಹೋದೆ. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ಮಿತಿಮೀರಿದ್ದವು. ಇನ್ನಷ್ಟು ಪರೀಕ್ಷೆಗಳಾದ ಮೇಲೆ ಡಾಕ್ಟರಮ್ಮ ಹೇಳಿದರು: "ರಕ್ತದ ಕ್ಯಾನ್ಸರು ಮೇಷ್ಟ್ರೇ. ಆದ್ರೆ ತುಂಬಾ ನಿಧಾನದ್ದು. ಈಗ್ಲೇ ಔಷಧಿ ಬೇಡ. ಮೂರು ತಿಂಗಳಿಗೊಂದ್ಸಲ ಬನ್ನಿ, ನೋಡ್ತಿರೋಣ." ಪ್ರಶ್ನೆಯನ್ನು ಪೂರ್ತಿ ಓದಿ ಎಂದು ಸುಗಟೂರಿನ ಶಾಲೆಯ ಮಕ್ಕಳಿಗೆ ಮೂವತ್ತು ವರ್ಷ ಗದರಿದ ನಾನು ಮೊದಲ ವಾಕ್ಯವನ್ನಷ್ಟೇ ಕೇಳಿಸಿಕೊಂಡೆ.

ಅಲ್ಲದೆ ಔಷಧಿ ಕೊಡದ ಡಾಕ್ಟರೆಂದರೆ ನಮ್ಮ ಕಡೆ ಒಂದೇ ಅರ್ಥ: ಕೈಬಿಟ್ಟರು. ಮರುವಾರವೇ ಮಾಲೂರಿನಿಂದ ನನ್ನ ಭಾವಮೈದುನ ನಾರಾಯಣಪ್ಪನನ್ನು ಕರೆಸಿ ಇನ್ನು ನನಗೇಕೆಂದು ನನ್ನ ಸ್ಕೂಟರಿನ ಕೀ ಅವನ ಕೈಗಿಟ್ಟೆ. ಅವನೂ ಅತ್ತ, ನಾನೂ ಅತ್ತೆ. ನನ್ನ ಹೆಂಡತಿ ಸರೋಜ ಮಾತ್ರ ಅಳಲಿಲ್ಲ. "ಕಾಯಿಲೇನೇ ನಿಧಾನ ಅಂದ್ರು. ನಿಮಗ್ಯಾಕ್ರೀ ಇಷ್ಟು ಆತ್ರ?" ಎಂದಳು.

ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಸಾವಿಗಾಗಿ ಕಾದೆ. ಅವರೆಕಾಯಿ ಬಂತು, ಮಾವು ಬಂತು, ಮತ್ತೆ ಅವರೆಕಾಯಿ ಬಂತು. ಬರಬೇಕಾದ ಅತಿಥಿ ಮಾತ್ರ ಬರಲಿಲ್ಲ. ಸಂಜೆಯಾದರೆ ಸುಸ್ತು, ನೆಗಡಿಯಾದರೂ ಭಯ. ಉಳಿದಂತೆ ಮುದ್ದೆ ಎಂದಿನಂತೆ ಇಳಿಯುತ್ತಿತ್ತು.

ಎರಡನೇ ವರ್ಷ ಒಂದು ಮಧ್ಯಾಹ್ನ, ಆಸ್ಪತ್ರೆಯಿಂದ ಬಂದು ಬಸ್ಸಿಳಿದು ನಡೆಯುವಾಗ ಸರೋಜ ಮಂಡಿ ಹಿಡಿದುಕೊಂಡು ದಾರಿಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು. "ಏನಿಲ್ಲ, ಒಂದ್ಗಳಿಗೆ ಇರಿ" ಎಂದಳು. ಎಷ್ಟು ದಿನದ ನೋವೋ! ನನ್ನ ಸಾವಿನ ಸಿದ್ಧತೆಯಲ್ಲಿ ಅವಳ ಕಾಲುಗಳ ಕಡೆ ನಾನು ನೋಡಿರಲೇ ಇಲ್ಲ.

ಮಾರನೆಯ ದಿನ ಮಾಲೂರಿಗೆ ಹೋದೆ. ಕಾಫಿ ಕುಡಿದೆ, ಮಳೆಯ ವಿಷಯ ಮಾತಾಡಿದೆ, ಎರಡನೇ ಕಾಫಿಯನ್ನೂ ಕುಡಿದೆ.

"ಏಮಿ ಬಾವಾ, ಸ್ಕೂಟರು ಬೇಕಾ?" ಎಂದು ನಾರಾಯಣಪ್ಪನೇ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕೇಳಿದ. ನಾನು ತಲೆ ತಗ್ಗಿಸಿದೆ. "ಟೈರು ಹೊಸದು ಹಾಕ್ಸಿದೀನಿ. ಕೀ ಕೊಟ್ಟವತ್ತೇ ಅಕ್ಕ ಹೇಳಿದ್ಳು, ಜೋಪಾನವಾಗಿಟ್ಟಿರು ಕಣೋ, ನಿಮ್ ಭಾವಂಗೆ ಬೇಕಾಗುತ್ತೆ ಅಂತ."

ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡಾಯಿತು. ಈಗ ನಾವಿಬ್ಬರೂ ಅದೇ ಸ್ಕೂಟರಿನ ಮೇಲೆ ಆಸ್ಪತ್ರೆಗೆ ಹೋಗಿಬರುತ್ತೇವೆ. ಮೊನ್ನೆ ಡಾಕ್ಟರಮ್ಮ ವರದಿ ನೋಡಿ, "ಬಿಳಿ ರಕ್ತಕಣ ಸ್ವಲ್ಪ ಏರಿದೆ. ಮುಂದಿನ ವರ್ಷ ಮಾತ್ರೆ ಶುರು ಮಾಡ್ಬೇಕಾಗ್ಬಹುದು" ಎಂದರು.

ಮುಂದಿನ ವರ್ಷ ಎಂಬುದೊಂದು ಇದೆ ಎಂದು ಡಾಕ್ಟರೇ ಒಪ್ಪಿಕೊಂಡ ಮೇಲೆ ನನ್ನದೇನು ತಕರಾರು?