ಇಸ್ತ್ರಿ ಅಮ್ಮ ಮತ್ತು ಮೂವರು ಲಾಯರಮ್ಮಂದಿರು

ಠಣ್! ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯ ಮುಚ್ಚಳ ಬೀಳುವ ಸದ್ದು. ಅದು ಕೇಳಿಸಿದ ಮೇಲೇ ರಿಚರ್ಡ್ಸ್ ಟೌನಿನ ನಮ್ಮ ಬೀದಿಗೆ ಬೆಳಗಾಗುತ್ತಿತ್ತು. ನನ್ನ ಗೇಟಿನ ಎದುರು ಮರದ ಕೆಳಗೆ ಆಕೆಯ ತಳ್ಳುಗಾಡಿ. ಬಲಗೈ ಎಡಗೈಗಿಂತ ದಪ್ಪ, ಮಣಿಕಟ್ಟಿನ ತುಂಬ ಸುಟ್ಟ ಗೆರೆಗಳು. "ಗಂಡ ಬಳೆ ತರ್ಲಿಲ್ಲ, ಪೆಟ್ಟಿಗೇನೇ ಹಾಕ್ಬಿಡ್ತು" ಎಂದು ನಗುತ್ತಿದ್ದಳು. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ, ಪಕ್ಕದ ಮನೆಯವರ ಜೊತೆ ದಖನಿ ಉರ್ದು, ಬೈಯುವಾಗ ಮೂರೂ. ಬೀದಿಗೆಲ್ಲ ಆಕೆ ಇಸ್ತ್ರಿ ಅಮ್ಮ.

ಪ್ರತಿಯೊಂದು ಜೇಬಿಗೂ ಕೈ ಹಾಕಿ ನೋಡದೆ ಬಟ್ಟೆಗೆ ಪೆಟ್ಟಿಗೆ ಮುಟ್ಟಿಸುತ್ತಿರಲಿಲ್ಲ. ಸಿಕ್ಕಿದ್ದೆಲ್ಲ ಒಂದು ಬಿಸ್ಕೆಟ್ ಡಬ್ಬಕ್ಕೆ: ಹೇರ್‌ಪಿನ್, ಬಸ್ ಟಿಕೆಟ್, ಒಮ್ಮೆ ನನ್ನ ಯಜಮಾನರ ಹಲ್ಲಿನ ಸೆಟ್. ಬಟ್ಟೆ ಕೊಡುವಾಗ ಅದನ್ನೂ ಕೊಡುತ್ತಿದ್ದಳು.

ಮೂರು ವರ್ಷದ ಹಿಂದೆ ಮೂವರು ಲಾ ಸ್ಟೂಡೆಂಟ್ಸ್ ಬಂದರು. ಬೀದಿಬದಿ ದುಡಿಯುವವರಿಗೆ ಕಾನೂನು ಎಷ್ಟು ಗೊತ್ತು ಅಂತ ಒಟ್ಟಿಗೆ ರಿಸರ್ಚ್ ಮಾಡುತ್ತಿದ್ದ ಹುಡುಗಿಯರು. ನಾನೂ ತಲೆದಿಂಬಿನ ಕವರುಗಳನ್ನು ಹಿಡಿದು ಅಲ್ಲೇ ನಿಂತಿದ್ದೆ.

"ಸಹಿ ಹಾಕೋ ಮುಂಚೆ ಪೇಪರ್ ಓದ್ತೀರಾ?" ಎಂದಳು ಒಬ್ಬಳು, ಪ್ರಶ್ನೆಪಟ್ಟಿ ನೋಡಿಕೊಂಡು.

"ನಂಗೆ ಓದಕ್ ಬರಲ್ಲ ಕಣಮ್ಮ. ಅದಕ್ಕೇ ಓದಿಸ್ದೇ ಹೆಬ್ಬೆಟ್ಟು ಒತ್ತಲ್ಲ. ಮೂರು ಜನದ ಹತ್ರ ಓದಿಸ್ತೀನಿ. ಮೂವರೂ ಒಂದೇ ಹೇಳ್ಬೇಕು." ಪಟ್ಟಿಯಲ್ಲಿ ಹೌದು, ಇಲ್ಲ ಎರಡೇ ಬಾಕ್ಸ್.

"ಸರಿ, ಮೂವರೂ ಇದ್ದೀರಲ್ಲ, ಇದನ್ನೂ ನೋಡ್ಬಿಡಿ. ಈ ಅಮ್ಮನ ಹೌಸ್‌ಕೋಟ್ ಜೇಬಲ್ಲಿತ್ತು. ಎಸಿಯೋದಾ, ಕೊಡೋದಾ?" ಎಂದು ಡಬ್ಬದಿಂದ ಮಡಿಸಿದ ಹಾಳೆಯೊಂದನ್ನು ತೆಗೆದುಕೊಟ್ಟಳು.

ಹುಡುಗಿ ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡುತ್ತ ಓದಿದಳು. ನಮ್ಮ ರೆಸಿಡೆಂಟ್ಸ್ ಅಸೋಸಿಯೇಶನ್ ಪಾಲಿಕೆಗೆ ಕೊಡಲಿದ್ದ ಅರ್ಜಿ. ಮರದ ಕೆಳಗಿನ ಇಸ್ತ್ರಿಗಾಡಿಯಿಂದ ತೊಂದರೆಯಾಗಿದೆ, ಕೂಡಲೇ ತೆರವು ಮಾಡಿಸಬೇಕು. ಕೆಳಗೆ ಸಹಿಗಳು. ನಾಲ್ಕನೆಯ ಹೆಸರು ಓದುವಾಗ ಅವಳ ದನಿ ತಗ್ಗಿತು. ಅದು ನನ್ನದು.

ಓ ಮೈ ಗಾಡ್. ಆಗ ನೆನಪಾಯಿತು. ಸೆಕ್ರೆಟರಿ ಒಂದು ಬೆಳಿಗ್ಗೆ ಪ್ಲಮ್ ಕೇಕಿನ ತಟ್ಟೆ ಹಿಡಿದು ಗೇಟಿಗೆ ಬಂದಿದ್ದರು. "ಜಸ್ಟ್ ಎ ಫಾರ್ಮಾಲಿಟಿ, ಮೇಡಂ." ಕಣ್ಣು ಕೇಕಿನ ಮೇಲಿಟ್ಟುಕೊಂಡೇ ಸಹಿ ಹಾಕಿ, ಅವರು ಕೊಟ್ಟ ಕಾಪಿಯನ್ನು ಮಡಿಸಿ ಜೇಬಿಗಿಟ್ಟಿದ್ದೆ. ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಓದಿದ ಹೆಂಗಸು!

ಇಸ್ತ್ರಿ ಅಮ್ಮ ಹಾಳೆಯನ್ನು ಬೆಳಕಿಗೆ ಹಿಡಿದಳು. "ಇದ್ರಲ್ಲಿ ನಿಮ್ದು ಯಾವ್ದಮ್ಮ?"

ತೋರಿಸಿದೆ.

"ಎಲ್ಲಾರಿಗಿಂತ ಚೆನ್ನಾಗಿ ಬರ್ದಿದ್ದೀರ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಓದಲಿಲ್ಲ, ಸಾರಿ, ಎಂದು ಏನೇನೋ ತೊದಲಿದೆ. ಆಕೆ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ಇಪ್ಪತ್ತೆರಡು ವರ್ಷ ಆಯ್ತು ಇಲ್ಲಿ ನಿಂತು. ಇಲ್ಲಿಂದ ಎಬ್ಬಿಸಿದ್ರೆ ಹೊಸ ಬೀದೀಲಿ ನಂಗ್ಯಾರು ಬಟ್ಟೆ ಕೊಡ್ತಾರೆ?" ಹಾಳೆಯನ್ನು ನಮ್ಮೆದುರು ಹರಡಿ, "ಈಗ ಏನ್ ಮಾಡೋಣ, ಹೇಳಿ" ಎಂದಳು. ಹುಡುಗಿಯರ ಜೊತೆ ನನ್ನನ್ನೂ ಸೇರಿಸಿಯೇ ಕೇಳಿದ್ದಳು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಮಾರನೆಯ ದಿನದಿಂದ ನನ್ನ ವರಾಂಡವೇ ಅವರ ಆಫೀಸು. ಬೀದಿ ವ್ಯಾಪಾರಿಗಳ ಕಾನೂನಿನಲ್ಲಿ ಇಂಥ ಕೆಲಸದವರೂ ಸೇರುತ್ತಾರೆ, ಪಾಲಿಕೆಯವರು ವ್ಯಾಪಾರಿಗಳ ಸರ್ವೆ ಮುಗಿಸುವ ತನಕ ಎಬ್ಬಿಸುವ ಹಾಗಿಲ್ಲ ಎಂದು ಹುಡುಗಿಯರು ಪುಸ್ತಕ ತಂದು ತೋರಿಸಿದರು. ಅಸೋಸಿಯೇಶನ್ನಿಗೆ ಉತ್ತರದ ಪತ್ರವನ್ನು ನನ್ನ ಕೈಯಲ್ಲೇ ಬರೆಸಿದರು. ಪ್ರತಿ ಸಾಲಿಗೂ ಇಸ್ತ್ರಿ ಅಮ್ಮ, "ಇನ್ನೊಂದ್ಸಲ ಓದು. ಏನ್ ಲಾಯರಮ್ಮ, ಜಡ್ಜ್ ಮುಂದೇನೂ ಹಿಂಗೇ ಮಾತು ನುಂಗ್ತೀಯಾ?" ಎಂದು ಕಾಡುತ್ತಿದ್ದಳು. ಅಷ್ಟು ನಗು ಆ ವರಾಂಡದಲ್ಲಿ ಯಜಮಾನರು ಹೋದ ಮೇಲೆ ಕೇಳಿಸಿರಲಿಲ್ಲ.

ಅಸೋಸಿಯೇಶನ್ ಮೀಟಿಂಗಿನಲ್ಲಿ ಎದ್ದು ನಿಂತೆ. "ನನ್ನ ಸಹಿ ವಾಪಸ್ ತಗೋತೀನಿ. ಓದದೆ ಹಾಕಿದ್ದೆ."

"ವಾಟ್ ಈಸ್ ದಿಸ್, ಮೇಡಂ? ನೀವು ಎಜುಕೇಟೆಡ್!" ಎಂದರು ಸೆಕ್ರೆಟರಿ.

"ಹೌದು, ಅದೇ ನಾಚಿಕೆ."

ಆಮೇಲೆ ಮೂಲೆಯ ಮನೆಯ ಕರ್ನಲ್ ಸಾಹೇಬರು ಕೈಯೆತ್ತಿದರು. ಅದು ಬೀದಿನಾಯಿಗಳ ಬಗೆಗಿನ ಲೆಟರ್ ಎಂದುಕೊಂಡು ಸಹಿ ಹಾಕಿದ್ದರಂತೆ! ಹಾಲ್ ಗೊಳ್ಳೆಂದಿತು. ಒಬ್ಬೊಬ್ಬರೇ ಒಪ್ಪಿಕೊಂಡರು, ಓದಿದವರೇ ಇಲ್ಲ. ಹುಡುಗಿಯರು ನಮ್ಮ ಪತ್ರ ಓದಿದರು. ಅರ್ಜಿ ಅಲ್ಲೇ ಹರಿದುಹೋಯಿತು, ಗಾಡಿ ಉಳಿಯಿತು.

ಆಮೇಲೆ ವಾರಕ್ಕೊಂದು ದಿನ ಗಾಡಿಗೆ ಟಾರ್ಪಾಲು ಮುಚ್ಚಿ ಆಕೆ ಆ ಹುಡುಗಿಯರ ಜೊತೆ ಹಲಸೂರು, ಶಿವಾಜಿನಗರ ಅಂತ ಹೊರಡತೊಡಗಿದಳು. ಅವರು ಕಾನೂನು ಹೇಳುವರು, ಈಕೆ ಅದನ್ನು ಹೂ ಮಾರುವವರಿಗೂ ಚಪ್ಪಲಿ ಹೊಲಿಯುವವರಿಗೂ ತಿಳಿಯುವ ಹಾಗೆ ಮಾಡುವಳು. ಹೋದ ವರ್ಷ ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡಳು. ನಾನಾಗ ತಂಗಿಯ ಮನೆಯಲ್ಲಿದ್ದೆ, ಸುದ್ದಿ ತಡವಾಗಿ ತಿಳಿಯಿತು, ಮುಖ ನೋಡಲಾಗಲಿಲ್ಲ. ಈಗ ಮರದ ಕೆಳಗೆ ಆಕೆಯ ಮಗಳು ನಿಲ್ಲುತ್ತಾಳೆ.

ನಾನು ಆಕೆಯನ್ನು ಕೊನೆಗೆ ನೋಡಿದ್ದು ಅದಕ್ಕೆ ಹತ್ತು ದಿನ ಮುಂಚೆ, ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ. ತಂಗಿಯ ಮನೆಯಲ್ಲಿ ಎರಡು ವಾರ ಇದ್ದು ಬರೋಣವೆಂದು ಆಟೋದಲ್ಲಿ ಹೊರಟಿದ್ದೆ. ಇದ್ದಕ್ಕಿದ್ದಂತೆ ಬಸ್ಸು, ಲಾರಿ ಎಲ್ಲ ಗಕ್ಕನೆ ನಿಂತವು. ನೋಡಿದರೆ ರಸ್ತೆ ಮಧ್ಯೆ ಇಸ್ತ್ರಿ ಅಮ್ಮ, ದಪ್ಪ ಬಲಗೈ ಮೇಲೆತ್ತಿ, ಹಿಂದೆ ಫೈಲು ಅಪ್ಪಿಕೊಂಡ ಮೂವರು ಲಾಯರಮ್ಮಂದಿರನ್ನು ದಾಟಿಸುತ್ತಿದ್ದಳು. ಕೂಗಿದೆ. ಹಾರ್ನುಗಳ ಗದ್ದಲದಲ್ಲಿ ಕೇಳಿಸಲಿಲ್ಲ.

"ಯಾರಮ್ಮ ಅದು, ಟ್ರಾಫಿಕ್ ಪೊಲೀಸಾ?" ಎಂದು ರೇಗಿದ ಆಟೋದವನು.

"ಅಲ್ಲಪ್ಪ," ಎಂದೆ, "ಅವರು ನಮ್ಮ ಬೀದಿಯವರು."