ಕಂಬಳಿಯಲ್ಲಿ ಮಲಗಿಸಿದ ಅವರೆಕಾಳು

ನಮ್ಮ ಅವ್ವ ಅವರೆಕಾಳನ್ನು ಬೇಯಿಸುತ್ತಿರಲಿಲ್ಲ, ಮಲಗಿಸುತ್ತಿದ್ದಳು. ದಪ್ಪ ತಳದ ಪಾತ್ರೆಯಲ್ಲಿ ಕಾಳು ನಾಲ್ಕು ಕುದಿ ಕುದಿದ ಕೂಡಲೇ ಗ್ಯಾಸ್ ಆರಿಸಿ, ಮುಚ್ಚಳ ಅಲ್ಲಾಡದಂತೆ ಬಟ್ಟೆ ಬಿಗಿದು, ಪಾತ್ರೆಯನ್ನು ಕರಿ ಕಂಬಳಿಯಲ್ಲಿ ಸುತ್ತಿ ಬಿದಿರು ಬುಟ್ಟಿಯೊಳಗೆ ಇಡುತ್ತಿದ್ದಳು. ಸಂದಿಗೆಲ್ಲ ರಾಗಿಹುಲ್ಲು ತುರುಕುತ್ತಿದ್ದಳು. ಆ ಕಾವಿನಲ್ಲೇ ಕಾಳು ಮೆತ್ತಗೆ ಬೆಂದುಬಿಡುತ್ತಿತ್ತು. ಮಧ್ಯೆ ಯಾರಾದರೂ ಬಿಚ್ಚಿ ನೋಡಿದರೆ ಕೆಟ್ಟಿತು. ಅದಕ್ಕೇ ಬುಟ್ಟಿಯ ಹತ್ತಿರ ಸುಳಿದವರಿಗೆಲ್ಲ ಒಂದೇ ಮಾತು: "ಮಲಗೈತೆ, ಯಾರೂ ಮುಟ್ಬ್ಯಾಡ್ರಿ."

ಅಜ್ಜಂಪುರದ ನಮ್ಮ ಮನೆಯಲ್ಲಿ ಬಡತನವೇನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವ್ವನ ಸುದ್ದಿ ಎತ್ತಿದರೆ ಕೇಳುವವರು ತಕ್ಷಣ "ಅಯ್ಯೋ ಪಾಪ" ಅನ್ನುತ್ತಾರೆ, ನನಗೆ ಮೈ ಉರಿಯುತ್ತದೆ. ಉರಿಯೋ ಕರೆಂಟೋ ಸುಮ್ಮನೆ ಹೋಗುವುದನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ, ಅಷ್ಟೆ. ಕಡೆಯ ದೋಸೆ ಹುಯ್ದ ಕೂಡಲೇ ಒಲೆ ಆರಿಸಿ, ಕಾವಲಿಯಲ್ಲಿ ಉಳಿದ ಬಿಸಿಯಲ್ಲೇ ಅದನ್ನು ಬೇಯಿಸುತ್ತಿದ್ದಳು. ಇಸ್ತ್ರಿ ಪೆಟ್ಟಿಗೆ ಇದ್ದರೂ ನನ್ನ ಸ್ಕೂಲಿನ ಲಂಗವನ್ನು ಹಾಸಿಗೆಯಡಿ ಮಡಚಿಟ್ಟು ಗೆರೆ ಬರಿಸುತ್ತಿದ್ದಳು. ಅಣ್ಣ ಫ್ರಿಜ್ ಬಾಗಿಲು ತೆಗೆದು ಯೋಚಿಸುತ್ತ ನಿಂತರೆ, "ಏನಪ್ಪಾ, ಒಳಗೆ ಸಿನಿಮಾ ಬಿಟ್ಟವ್ರಾ?" ಎಂದು ಕೇಳುತ್ತಿದ್ದಳು. ಅವನು ಏನೂ ತೆಗೆದುಕೊಳ್ಳದೆ ಬಾಗಿಲು ಹಾಕುತ್ತಿದ್ದ.

ನನ್ನನ್ನು ತರೀಕೆರೆಗೆ ಕೊಟ್ಟರು. ಅವರೆಕಾಯಿ ಕಾಲ ಬಂತೆಂದರೆ ಅವ್ವ ಬೆಳಗಿನ ಬಸ್ಸಿಗೆ ನನ್ನನ್ನು ನೋಡಲು ಬರುತ್ತಿದ್ದಳು. ಹೊರಡುವ ಮುಂಚೆ ಕಾಳು ಕುದಿಸಿ, ಕಂಬಳಿಯಲ್ಲಿ ಸುತ್ತಿ, ಆ ಗಂಟನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಕಾಳು ಬೆಂದಿರುತ್ತಿತ್ತು. "ಬಸ್ಸೇ ಬೇಯ್ಸ್ತು ಕಣೇ, ನೀನು ಒಗ್ಗರಣೆ ಒಂದು ಹಾಕ್ಕೋ ಸಾಕು" ಎಂದು ನಗುತ್ತಿದ್ದಳು. ಗಂಟನ್ನು ಮಗು ಹಿಡಿದಂತೆ ಹಿಡಿದು ಕೂತಿದ್ದನ್ನು ನೋಡಿ ಕಂಡಕ್ಟರು ಇದಕ್ಕೂ ಟಿಕೆಟ್ ತಗೊಳ್ಳಮ್ಮ ಎಂದು ತಮಾಷೆ ಮಾಡುತ್ತಿದ್ದನಂತೆ. "ಮಲಗಿರೋರಿಗೂ ಟಿಕೀಟಾ ಏನಪ್ಪಾ" ಅನ್ನುತ್ತಿದ್ದಳಂತೆ ಇವಳು.

ನಾನು ಆಗ ಹೊಸದಾಗಿ ಟೀಚರ್ ಆಗಿದ್ದೆ, ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಒಂದು ದಿನ ಅವ್ವನನ್ನು ಕರೆದುಕೊಂಡು ಬರಲು ಬಸ್‌ಸ್ಟ್ಯಾಂಡಿಗೆ ಹೋದಾಗ ನಮ್ಮ ಸ್ಕೂಲಿನ ಇಬ್ಬರು ಮೇಡಮ್ಮುಗಳು ಜೊತೆಗಿದ್ದರು. ಅವ್ವ ಕರಿ ಗಂಟು ಅವಚಿಕೊಂಡು ಇಳಿದಳು. ಅವರೆಕಾಯಿ ಸೊಗಡು, ಕಂಬಳಿಯ ಕುರಿ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಡಿದವು. "ಏನ್ರೀ, ನಿಮ್ಮಮ್ಮ ಕುರಿಮರಿ ತಂದ್ರಾ?" ಎಂದು ಒಬ್ಬರು ನಕ್ಕರು. ನನಗೆ ಅವಮಾನವಾಯಿತು. ಆ ಸಿಟ್ಟನ್ನು ಅವರ ಮೇಲೆ ತೀರಿಸದೆ ಅವ್ವನ ಮೇಲೆ ತೀರಿಸಿದೆ.

"ಯಾಕವ್ವ ಈ ಗಂಟು ಹೊತ್ಕಂಡು ಬತ್ತೀಯ? ನಮ್ಮನೇಲಿ ಕುಕ್ಕರಿಲ್ವಾ, ಇಂಡಕ್ಷನ್ ಇಲ್ವಾ? ಎಲ್ಲರೂ ನೋಡ್ತಾರೆ."

ಅವ್ವ ಗಂಟನ್ನು ಆ ಮೇಡಮ್ಮುಗಳಿಗೆ ಕಾಣದ ಕಡೆಯ ಸೊಂಟಕ್ಕೆ ಬದಲಾಯಿಸಿಕೊಂಡು ನನ್ನ ಹಿಂದೆ ನಡೆದಳು. ಮುಂದಿನ ಸಲದಿಂದ ಕೈಬೀಸಿಕೊಂಡು ಬಂದಳು, ಬರುವುದೂ ಕಡಿಮೆಯಾಯಿತು. ನನಗೆ ನಿರಾಳವಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಹಾಗೆಯೇ.

ಹೀಗೆ ಎಷ್ಟೋ ವರ್ಷ ನಡೆಯಿತು. ಹೋದ ಅವರೆ ಕಾಲದಲ್ಲಿ ಒಂದು ಬೆಳಗ್ಗೆ ಅವ್ವ ಏಳಲೇ ಇಲ್ಲ. ತೀರಿಕೊಂಡವರ ಹಾಸಿಗೆ ಹೊದಿಕೆಯನ್ನು ನಮ್ಮಲ್ಲಿ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಊರಾಚೆ ಬಿಟ್ಟು ಬರುತ್ತಾರೆ. ಹಿರಿಯರು ಹೇಳಿದರು, ನಾನೇ ಎಲ್ಲವನ್ನೂ ಗಂಟು ಕಟ್ಟಿದೆ. ಮಂಚದ ಕಾಲ್ದೆಸೆಯಲ್ಲಿ ಮಡಚಿಟ್ಟ ಕರಿ ಕಂಬಳಿಯೊಂದಿತ್ತು. ಹೊದ್ದಿದ್ದಳೇನೋ ಎಂದುಕೊಂಡು ಅದನ್ನೂ ಸೇರಿಸಿದೆ. ಕಾರ್ಯವೆಲ್ಲ ಮುಗಿದ ಮೇಲೆ ಅಡುಗೆಮನೆಯಲ್ಲಿ ಖಾಲಿ ಬುಟ್ಟಿ ಕಣ್ಣಿಗೆ ಬಿತ್ತು. ಆಗ ಗೊತ್ತಾಯಿತು ನಾನು ಯಾವ ಕಂಬಳಿಯನ್ನು ಕಳಿಸಿಬಿಟ್ಟೆ ಎಂದು.

ಆಮೇಲೆ ಕಡೂರಿನ ಸಂತೆಯಿಂದ ಹೊಸ ಕಂಬಳಿ ತಂದೆ. ಅವ್ವ ಮಾಡುತ್ತಿದ್ದಂತೆಯೇ ಮಾಡುತ್ತೇನೆ, ಆದರೆ ಮಲಗಿಸಿದ್ದನ್ನು ಬಿಚ್ಚಿ ನೋಡದೆ ಇರಲು ನನ್ನಿಂದ ಆಗುವುದಿಲ್ಲ. ಗಟ್ಟಿ ಗಟ್ಟಿ ಕಾಳನ್ನು ಕೊನೆಗೆ ಕುಕ್ಕರಿಗೇ ಸುರಿಯುತ್ತೇನೆ. ಕುಕ್ಕರ್ ಕೂಗುವಾಗ ಅಡುಗೆಮನೆಯಲ್ಲಿ ನಿಲ್ಲುವುದಕ್ಕೆ ನನಗೆ ಮನಸ್ಸಾಗುವುದಿಲ್ಲ. ಅವ್ವ ಬೇಕು ಅನ್ನಿಸುತ್ತದೆ.

ಈ ವರ್ಷ ಅವರೆ ಬಂದಾಗ ಅಜ್ಜಂಪುರಕ್ಕೆ ಹೋಗಿದ್ದೆ. ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಜಗಲಿಯ ಮೇಲೆ ಕಾಯಿ ಸುಲಿಯುತ್ತ ಕೂತಿದ್ದರು. ವರ್ಷದಿಂದ ಕೊರೆಯುತ್ತಿದ್ದ ಮಾತನ್ನು ಕೇಳಿಯೇಬಿಟ್ಟೆ.

"ಆ ಕಂಬಳಿ ಮಂಚದ ಮೇಲೆ ಯಾಕಿತ್ತು ಅತ್ತಿಗೆ? ಅವ್ವ ಅದನ್ನ ಹೊದ್ಕಂತಿದ್ಲಾ?"

"ಹೊದಿಯೋದಾ? ಪಾತ್ರೆಗೆ ಬಿಟ್ರೆ ಯಾರಿಗೂ ಕೊಡ್ತಿರ್ಲಿಲ್ಲ ಕಣಮ್ಮ ಅದ್ನ. ಹಿಂದಿನ ದಿನ ಬಿಸ್ಲಿಗೆ ಹಾಕಿ, ಒದರಿ, ಮಡಚಿ ಇಟ್ಕಂಡಿದ್ರು. ನಿಮ್ಮನೆಗೆ ಬರಾಕೆ." ಅತ್ತಿಗೆ ಸುಲಿಯುವುದನ್ನು ನಿಲ್ಲಿಸಿದರು. "ಈ ಸಲ ಕಾಳು ತಗಂಡೇ ಹೋಗ್ತೀನಿ ಅಂದಿದ್ರು. ಅವ್ಳು ಬೈತಾಳೆ ಅತ್ತೆ ಅಂದೆ ನಾನು. ಬಸ್‌ಸ್ಟ್ಯಾಂಡ್ ತಂಕ ಹೋದ್ರೆ ತಾನೇ ಬೈಯೋದು, ಒಂದು ಸ್ಟಾಪ್ ಹಿಂದ್ಲೇ ಇಳ್ಕಂಡು ನಡ್ಕಂಡು ಹೋಗ್ತೀನಿ, ಯಾರೂ ನೋಡಲ್ಲ ಅಂದ್ರು."

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅತ್ತಿಗೆ ಸಮಾಧಾನ ಮಾಡಲಿಲ್ಲ, ಮತ್ತೆ ಕಾಯಿ ಸುಲಿಯತೊಡಗಿದರು.

ಹೊರಡುವಾಗ ಸುಲಿದ ಕಾಳನ್ನು ಒಂದು ಚೀಲದಲ್ಲಿ ಕಟ್ಟಿಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೆ. ತಣ್ಣಗಿತ್ತು. ಬಸ್‌ಸ್ಟ್ಯಾಂಡಿಗೆ ಟಿಕೆಟ್ ತಗೊಂಡಿದ್ದರೂ ಒಂದು ಸ್ಟಾಪ್ ಮುಂಚೆಯೇ ಇಳಿದೆ. ಅಲ್ಲಿಂದ ನಮ್ಮ ಮನೆಗೆ ಏರುದಾರಿ. ಬಿಸಿ ಪಾತ್ರೆ ಹೊತ್ತುಕೊಂಡು ಆ ವಯಸ್ಸಿನಲ್ಲಿ ಅವಳು ಇಷ್ಟು ದೂರ ನಡೆಯುವುದಕ್ಕೆ ತಯಾರಾಗಿದ್ದಳು, ನನಗೆ ಅವಮಾನವಾಗಬಾರದು ಎಂದು.