ಎಡಗಡೆಯ ಸ್ಪೀಕರ್

ಚಿಂತಾಮಣಿಯ ಒಬ್ಬ ಕಾರ್ ಸ್ಟೀರಿಯೋ ಮೆಕ್ಯಾನಿಕ್‌ನ ಹೆಸರು ಕೆಡಿಸಲು ನನಗೆ ಒಂಬತ್ತು ಸಾಲು ಸಾಕಾಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪತ್ರಿಕೆಯ ವರದಿಗಾರನಾಗಿದ್ದೆ. ಸಾಲು ಎಣಿಸುವುದು ಅಭ್ಯಾಸ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಕಾರು ನನ್ನ ಅಣ್ಣನದು. ತೊಂಬತ್ತರ ದಶಕದ ಜಪಾನಿ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ಬಟ್ಟೆಯ ಟಾಪು ಮಡಚಿ ಹಿಂದಕ್ಕೆ ಹಾಕಬಹುದು. ದಿಬ್ಬೂರಹಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುತ್ತಿದ್ದ ಅಣ್ಣ, ಬೆಂಗಳೂರಿನ ಪರಿಚಯದವರಿಂದ ಅದನ್ನು ತಂದ ವರ್ಷ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಅದರಲ್ಲೇ ಹೋಗುತ್ತಿದ್ದ. ಗೂಡಿನ ಮೂಟೆಗಳು ಹಿಂದಿನಿಂದ ಟೆಂಪೋದಲ್ಲಿ ಬರುತ್ತಿದ್ದವು. ಮೊಣಕಾಲು ಕೈಕೊಟ್ಟ ಮೇಲೆ ಒಂದು ದಿನ, "ಈ ಕಾರಿಗೆ ಹತ್ತೋದಲ್ಲ ಕಣೋ, ಬಾವಿಗೆ ಇಳ್ದಂಗೆ ಇಳೀಬೇಕು. ನೀನೇ ಇಟ್ಕೊ" ಎಂದು ಕೀಲಿಕೈ ನನ್ನ ಕೈಗೆ ಹಾಕಿದ. ನಾನು ಆಗಷ್ಟೇ ನಿವೃತ್ತನಾಗಿ ಚಿಕ್ಕಬಳ್ಳಾಪುರದ ಮನೆಯಲ್ಲಿ ಕುಳಿತಿದ್ದೆ.

ಇಂಜಿನ್ ಗಟ್ಟಿಯಾಗಿತ್ತು. ಕ್ಯಾಸೆಟ್ ಹಾಕುವ ಹಳೆಯ ಸ್ಟೀರಿಯೋ ಮಾತ್ರ ಸತ್ತುಹೋಗಿತ್ತು. ಸ್ಕಂದಗಿರಿಯ ಬುಡದಲ್ಲಿ ಭಾನುವಾರ ಬೆಳಗ್ಗೆ ಹಳೆಯ ಕಾರುಗಳವರು ಹತ್ತಿಪ್ಪತ್ತು ಜನ ಸೇರುತ್ತಿದ್ದರು, ನಾನೂ ಹೋಗತೊಡಗಿದೆ. ಸ್ಟೀರಿಯೋ ವಿಷಯ ಎತ್ತಿದಾಗ ಎಲ್ಲರೂ ಹೇಳಿದ್ದು ಒಬ್ಬರನ್ನೇ: ಚಿಂತಾಮಣಿಯ ಭಾಯ್. ಹಳೆಯ ಸೆಟ್ಟುಗಳ ಕೆಲಸ ಗೊತ್ತಿದ್ದವರು ಅವರೊಬ್ಬರೇ, ಅವರ ಅಂಗಡಿ ನಡೆಯುತ್ತಿದ್ದುದೂ ಬಹುಪಾಲು ಈ ಗುಂಪಿನ ಕಾರುಗಳಿಂದಲೇ.

ಐವತ್ತರ ಆಸುಪಾಸಿನ ಮನುಷ್ಯ. ತಂದೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರಂತೆ. "ನಮ್ಮ ಅಬ್ಬಾ ಬಿಸಿನೀರಲ್ಲಿ ಕೈ ಹಾಕಿ ಎಳೆ ಹುಡುಕ್ತಿದ್ರು. ನಾನು ಕಾರೊಳಗೆ ಕೈ ಹಾಕಿ ವೈರ್ ಹುಡುಕ್ತೀನಿ. ಕಣ್ಣು ಹೋಗೋದು ಇಬ್ಬರಿಗೂ ಒಂದೇ," ಎಂದರು.

ಡ್ಯಾಶ್‌ಬೋರ್ಡಿನಿಂದ ಹಳೆಯ ಸೆಟ್ ಹೊರಗೆಳೆದು ನನ್ನ ಕೈಗಿಟ್ಟರು. "ಇದು ಬರೀ ಬಾಯಿ ಸಾರ್. ಗಂಟಲು ಸೀಟಿನ ಹಿಂದ್ಗಡೆ ಐತೆ. ಕಂಪನಿಯವರೇ ಕೂರಿಸಿರೋ ಆಂಪ್ಲಿಫೈಯರು. ಹೊಸ ಬಾಯಿ ಹಾಕಿ ಗಂಟಲಿಗೆ ಹೇಳ್ದೇ ಇದ್ರೆ ಕಾರು ಮೂಗಿ ಆಗ್ತದೆ."

ಹೊಸ ಸ್ಟೀರಿಯೋ ಆನ್ ಆದಾಗ ಆ ಆಂಪ್ಲಿಫೈಯರನ್ನು ಎಬ್ಬಿಸಲು ಪ್ರತ್ಯೇಕವಾಗಿ ಒಂದು ಸಣ್ಣ ವೈರ್ ಎಳೆಯಬೇಕು. ಸ್ಪೀಕರಿಗೆ ಹೋಗುವ ಜೋರಾದ ಸಿಗ್ನಲ್ಲನ್ನು ನೇರ ಅದಕ್ಕೆ ಕೊಟ್ಟರೆ ಸುಟ್ಟುಹೋಗುತ್ತದೆ. ಇದನ್ನೆಲ್ಲ ಅವರು ವಿವರಿಸಿದರು, ನಾನು ಬರೆದುಕೊಂಡೆ. ಮೂಲ ಪ್ಲಗ್ ಕತ್ತರಿಸದೆ, ಅದಕ್ಕೆ ಹೊಂದುವ ಇನ್ನೊಂದು ಪ್ಲಗ್ ತರಿಸಿ ಜೋಡಿಸಿದರು. "ಕತ್ತರಿಸೋದು ಯಾರಿಗಾದ್ರೂ ಬರ್ತದೆ. ಒಂದ್ಸಲ ಕತ್ತರಿಸಿದ್ರೆ ಮತ್ತೆ ಕಂಪನಿದಾಗಲ್ಲ," ಎಂದರು. ಕೆಲಸಕ್ಕೆ ಎರಡು ದಿನ ಹಿಡಿಯಿತು.

ಮನೆಗೆ ಹೊರಟವನಿಗೆ ಶಿಡ್ಲಘಟ್ಟ ದಾಟುವ ಹೊತ್ತಿಗೆ ಅನುಮಾನ ಬಂತು. ಶಬ್ದವೆಲ್ಲ ಬಲಗಡೆಯಿಂದ ಬರುತ್ತಿದೆ, ಎಡಗಡೆ ಮಂಕು. ಚಿಕ್ಕಬಳ್ಳಾಪುರ ತಲುಪುವಷ್ಟರಲ್ಲಿ ಅನುಮಾನ ಖಚಿತವಾಗಿತ್ತು. ಮರುದಿನವೇ ವಾಪಸು ಹೋದೆ.

"ಎಡಗಡೆ ಸತ್ತಿದೆ ಭಾಯ್. ನೀವೇ ಕೇಳಿ."

ಅವರು ಕುಳಿತು ಕೇಳಿದರು. "ನಂಗೆ ಎರಡೂ ಒಂದೇ ತರ ಕೇಳ್ತೈತೆ ಸಾರ್."

ಮಾಡಿದವನು ತನ್ನ ಕೆಲಸ ಸರಿ ಎಂದೇ ಹೇಳುತ್ತಾನೆ, ಅದನ್ನು ಸಾಕ್ಷ್ಯವೆಂದು ತೆಗೆದುಕೊಳ್ಳಬಾರದು ಎಂದು ನಾನು ಎಷ್ಟೋ ಹೊಸ ವರದಿಗಾರರಿಗೆ ಕಲಿಸಿದ್ದೇನೆ. ಮೀಟರ್ ಹಿಡಿದು ತೋರಿಸಿದರು, ಎರಡೂ ಕಡೆ ಒಂದೇ ಅಂಕಿ. ನಾನು ಒಪ್ಪಲಿಲ್ಲ. ಆಂಪ್ಲಿಫೈಯರಿನಲ್ಲಿ ಎಡದ ವೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರು. ಆಗಲೂ ಎಡಗಡೆಯೇ ಮಂಕು. ಬಾಗಿಲುಗಳ ಸ್ಪೀಕರುಗಳನ್ನೇ ಬಿಚ್ಚಿ ಅದಲುಬದಲು ಮಾಡಿದರು. ಆಗಲೂ ಎಡಗಡೆಯೇ. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಂಗಡಿಯ ಮುಂದೆ ಇನ್ನಿಬ್ಬರು ಕಾಯುತ್ತ ನಿಂತಿದ್ದರು.

ಭಾಯ್ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಸಾರ್, ಒಂದು ಕೆಲ್ಸ ಮಾಡಣ. ನೀವು ಹಿಂದಕ್ಕೆ ತಿರುಗಿ ಕೂತ್ಕೊಳಿ."

"ಯಾಕೆ?"

"ಸೀಟ್ ಮೇಲೆ ಮಂಡಿ ಊರಿ, ಬೆನ್ನು ಸ್ಟೇರಿಂಗ್ ಕಡೆಗೆ. ಆ ಬಾಗಿಲೇ ಸತ್ತಿದ್ರೆ, ತಿರುಗಿದಾಗ ನಿಮ್ಮ ಬಲಗಡೆ ಸಾಯ್ಬೇಕು. ಅಲ್ವಾ?"

ಅವರು ಏನು ಹೇಳುತ್ತಿದ್ದಾರೆಂದು ನನಗೆ ತಕ್ಷಣ ಅರ್ಥವಾಯಿತು. ಅರ್ಥವಾಗಲಿಲ್ಲವೆಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಕಾಯುತ್ತಿದ್ದವರಲ್ಲಿ ಒಬ್ಬ ನಕ್ಕ.

"ರಿಪೇರಿ ಮಾಡೋನು ನೀನು," ಎಂದೆ. "ಕಾರನ್ನ ನೋಡು. ನನ್ನಲ್ಲ."

ಮೂರು ದಿನ 'ನೀವು' ಎಂದವನು 'ನೀನು' ಎಂದಿದ್ದೆ. ಭಾಯ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಆಯ್ತು ಸಾರ್. ಬೇರೆ ಕಡೆ ತೋರ್ಸಿ. ಆದ್ರೆ ಪ್ಲಗ್ ಕತ್ತರಿಸೋಕೆ ಮಾತ್ರ ಬಿಡಬೇಡಿ."

ಚಿಕ್ಕಬಳ್ಳಾಪುರದ ಒಂದು ದೊಡ್ಡ ಅಂಗಡಿಯಲ್ಲಿ ಕತ್ತರಿಸಿದರು. ಸೀಟಿನ ಹಿಂದಿದ್ದ ಪೆಟ್ಟಿಗೆ ಕಿತ್ತು, ಹೊಸ ಆಂಪ್ಲಿಫೈಯರ್ ಕೂರಿಸಿ, ವೈರುಗಳನ್ನು ಸುತ್ತಿ ಟೇಪು ಹಚ್ಚಿದರು. ಒಂದು ಗಂಟೆಯ ಕೆಲಸ. ಆಗಲೂ ಎಡಗಡೆ ಮಂಕಾಗಿತ್ತು. ಹಾಗೆಂದೆ. ಕೆಲಸಗಾರ ನನಗೆ ಬೆನ್ನು ಹಾಕಿ ಸ್ಟೀರಿಯೋದ ಪರದೆಯ ಮೇಲೆ ಏನೋ ಒತ್ತಿದ. "ಈಗ ನೋಡಿ ಸಾರ್."

ಎಡಗಡೆ ಜೀವ ಬಂದಿತ್ತು. ಏನು ಒತ್ತಿದೆ ಎಂದು ನಾನು ಕೇಳಲಿಲ್ಲ. ಎಲ್ಲರಿಗೂ ಪ್ರಶ್ನೆ ಕೇಳಿ ಬದುಕಿದವನು ಅಲ್ಲಿ ಒಂದು ಪ್ರಶ್ನೆ ಕೇಳಲಿಲ್ಲ.

ಅಂದು ಸಂಜೆ ಹಳೆಯ ಕಾರುಗಳ ವಾಟ್ಸ್ಆ್ಯಪ್ ಗುಂಪಿಗೆ ಆ ಒಂಬತ್ತು ಸಾಲು ಬರೆದೆ. ಬೈಗುಳವಿರಲಿಲ್ಲ, ವಿಶೇಷಣವಿರಲಿಲ್ಲ. ಚಿಂತಾಮಣಿಯಲ್ಲಿ ಮೂಲ ಆಂಪ್ಲಿಫೈಯರಿಗೆ ಜೋಡಿಸುವಾಗ ಎಡಬದಿಯ ಸಂಪರ್ಕ ಕೆಟ್ಟಿದೆ. ಎರಡನೇ ಸಲ ಹೋದಾಗಲೂ ಸರಿಪಡಿಸಲಾಗಲಿಲ್ಲ. ದೂರು ಹೇಳಿದ ಗ್ರಾಹಕನನ್ನೇ ಸಂಶಯದಿಂದ ನೋಡಲಾಯಿತು. ಚಿಕ್ಕಬಳ್ಳಾಪುರದಲ್ಲಿ ಒಂದು ಗಂಟೆಯಲ್ಲಿ ಸರಿಹೋಯಿತು. ಯಾರು, ಎಲ್ಲಿ, ಯಾವಾಗ, ಎಲ್ಲ ಇತ್ತು. ಗೌರಿಬಿದನೂರಿನ ಒಬ್ಬರು ಐದು ನಿಮಿಷದಲ್ಲಿ ಉತ್ತರಿಸಿದರು: "ಸರ್ ಬರೆದಿದ್ದಾರೆ ಅಂದ್ರೆ ಮುಗೀತು ಬಿಡಿ." ಮುಂದಿನ ವಾರ ಚಿಂತಾಮಣಿಗೆ ಹೋಗಬೇಕಿದ್ದ ಅವರ ಕಾರು ಬೇರೆ ಕಡೆಗೆ ಹೋಯಿತು. ಅದರ ಹಿಂದೆ ಉಳಿದವರವೂ.

ಕೆಲವು ತಿಂಗಳ ಮೇಲೆ ಅಣ್ಣ, "ಒಂದ್ಸಲ ನನ್ನ ಕಾರಲ್ಲಿ ಕೂರಿಸ್ಕೊಂಡು ಕೈವಾರಕ್ಕೆ ಹೋಗ್ಬರಣ ಬಾರೋ" ಎಂದ. ಅವನನ್ನು ಸೀಟಿಗೆ ಇಳಿಸಲು ಇಬ್ಬರು ಬೇಕಾಯಿತು. ಊರು ದಾಟಿದ ಮೇಲೆ ಸ್ಟೀರಿಯೋ ಹಾಕಿದೆ. ಅಣ್ಣ ಬೆಚ್ಚಿಬಿದ್ದ. ಸಿಟ್ಟು ಬಂದರೆ ಅವನ ಬಾಯಲ್ಲಿ ಮೊದಲು ಬರುವುದು ತೆಲುಗು.

"ಏಂದಿರಾ ಇದಿ! ಇರೋ ಸೌಂಡೆಲ್ಲಾ ನನ್ನ ಕಿವಿಗೇ ಬಡೀತೈತಲ್ಲೋ. ನಿನ್ನ ಕಡೆ ಇಲ್ವಾ?"

"ಎರಡೂ ಕಡೆ ಸಮ ಇದೆ."

"ಸಮಾನಾ? ನಿನ್ನ ತಲೆ. ನಿನ್ನ ಕಡೆ ಬಾಗಿಲು ಮೌನವ್ರತ ಹಿಡಿದೈತೆ ನೋಡು."

ಗಾಡಿ ರಸ್ತೆಯ ಬದಿಗೆ ನಿಲ್ಲಿಸಿ ಪರದೆಯನ್ನು ನೋಡಿದೆ. ಎಡ-ಬಲದ ಸಮತೋಲನ ತೋರಿಸುವ ಚುಕ್ಕೆ ಎಡತುದಿಗೆ ಹೋಗಿ ಅಂಟಿಕೊಂಡಿತ್ತು. ಆ ಕೆಲಸಗಾರ ಒತ್ತಿದ್ದು ಅದನ್ನು. ಚುಕ್ಕೆಯನ್ನು ಮಧ್ಯಕ್ಕೆ ತಂದೆ. "ಹಾ, ಈಗ ಸರಿಹೋಯ್ತು," ಎಂದ ಅಣ್ಣ. ನನಗೆ ಎಡಗಡೆ ಹೋಗಿಬಿಟ್ಟಿತು.

ಆಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿದೆ.

"ಏನೋ ಅದು? ಹಿಂದ್ಗಡೆ ಯಾರವ್ರೆ ಅಂತ ನೋಡ್ತಿದೀಯ? ಎರಡೇ ಸೀಟು ಕಣೋ ಇರೋದು!"

ಈಗ ನನ್ನ ಎಡಕ್ಕೆ ಇದ್ದದ್ದು ಡ್ರೈವರ್ ಕಡೆಯ ಬಾಗಿಲು. ಎಂದೂ ಕೆಟ್ಟಿಲ್ಲವೆಂದು ನಾನೇ ಹೇಳಿದ್ದ ಆ ಬಾಗಿಲು ಮಂಕಾಗಿತ್ತು. ಅಣ್ಣನ ಕಡೆಯದು ಸ್ಪಷ್ಟವಾಗಿ ಕೇಳುತ್ತಿತ್ತು. ಪಕ್ಕದಲ್ಲಿ ಹೋದ ಟೊಮೆಟೊ ಲಾರಿಯವರು ಹಾರನ್ ಹೊಡೆದು ನಕ್ಕರು.

ಕಿವಿಯ ಡಾಕ್ಟರು ಹದಿನೈದು ನಿಮಿಷದಲ್ಲಿ ಹೇಳಿದರು: ಎಡಗಿವಿ ಬಹಳ ಕಾಲದಿಂದ ಹೋಗುತ್ತ ಬಂದಿದೆ, ಕಾರಣ ಇಂಥದ್ದೇ ಎನ್ನಲಾಗದು. ನನಗೆ ನೆನಪಾದದ್ದು ನನ್ನ ಮೇಜು. ಬಲಗೈಗೆ ಪೆನ್ನು ಬೇಕಾದ್ದರಿಂದ ಫೋನನ್ನು ಯಾವಾಗಲೂ ಎಡಗಿವಿಗೆ ಹಿಡಿದೇ ಹೇಳಿಕೆಗಳನ್ನು ಬರೆದುಕೊಳ್ಳುತ್ತಿದ್ದೆ. ಕೊನೆಯ ವರ್ಷಗಳಲ್ಲಿ ಯಾರು ಹೇಳದ್ದನ್ನು ಯಾರ ಹೆಸರಿನಲ್ಲಿ ಬರೆದಿದ್ದೇನೋ, ಈಗ ಪತ್ತೆ ಮಾಡುವ ದಾರಿಯಿಲ್ಲ.

ಗುಂಪಿಗೆ ತಿದ್ದುಪಡಿ ಬರೆದೆ. "ಚಿಂತಾಮಣಿಯಲ್ಲಿ ನಡೆದ ಕೆಲಸದಲ್ಲಿ ದೋಷವಿರಲಿಲ್ಲ ಎಂದು ತಿಳಿದುಬಂದಿದೆ. ಹಿಂದಿನ ಮಾಹಿತಿಗೆ ವಿಷಾದಿಸಲಾಗಿದೆ." ಎರಡು ಸಾಲು. ಯಾರೋ ಇಬ್ಬರು ಹೆಬ್ಬೆರಳು ತೋರಿಸಿದರು. ಯಾರ ಕಾರೂ ಚಿಂತಾಮಣಿಗೆ ಹೋಗಲಿಲ್ಲ.

ನಾನು ಹೋದೆ. ಅಂಗಡಿಯ ಹಲಗೆ ಬದಲಾಗಿತ್ತು. ಒಳಗೆ ಸಿಸಿಟಿವಿ ಕ್ಯಾಮೆರಾಗಳ ಡಬ್ಬಗಳು. ಭಾಯ್ ಒಂದು ಏಣಿಯನ್ನು ಆಟೋದ ಮೇಲೆ ಕಟ್ಟುತ್ತಿದ್ದರು. ಮನೆ ಮನೆಗೆ ಕ್ಯಾಮೆರಾ ಹಾಕುವ ಕೆಲಸ. ನನ್ನನ್ನು ಕಂಡು, "ಬನ್ನಿ ಸಾರ್" ಎಂದರು. ಹಗ್ಗ ಬಿಡಲಿಲ್ಲ.

"ಗ್ರೂಪಲ್ಲಿ ಹಾಕಿದ್ದೆ, ನೋಡಿದ್ರಾ ಭಾಯ್?"

"ಯಾರೋ ಕಳಿಸಿದ್ರು. ತಿಳಿದುಬಂದಿದೆ ಅಂತ ಬರೆದಿದ್ರಿ." ಗಂಟು ಬಿಗಿದರು. "ಯಾರಿಗೆ ತಿಳಿದುಬಂತು ಸಾರ್?"

"ನನ್ನ ಎಡಗಿವಿ ಕೇಳಿಸಲ್ಲ. ತಪ್ಪು ನಂದೇ. ನಿಮ್ಮದೇನೂ ಇರಲಿಲ್ಲ."

"ಅದನ್ನ ನನಗೆ ಯಾಕೆ ಹೇಳ್ತೀರಾ? ನನಗೆ ಆವತ್ತೇ ಗೊತ್ತಿತ್ತಲ್ಲ."

ಹಳೆಯ ಆಂಪ್ಲಿಫೈಯರನ್ನು ಮತ್ತೆ ಕೂರಿಸಿಕೊಡುತ್ತೀರಾ ಎಂದು ಕೇಳಿದೆ. ಡಿಕ್ಕಿಯಲ್ಲಿ ತಂದಿದ್ದ ಪೆಟ್ಟಿಗೆಯನ್ನು ತೆಗೆದು ತೋರಿಸಿದೆ. ಕತ್ತರಿಸಿದ ವೈರುಗಳ ಮೋಟು ತುದಿಗಳನ್ನು ಅವರು ಬೆರಳಲ್ಲಿ ಒಮ್ಮೆ ಸವರಿ, ಪೆಟ್ಟಿಗೆಯನ್ನು ನನ್ನ ಕೈಗೇ ಕೊಟ್ಟರು. "ಆ ಕೆಲ್ಸ ಬಿಟ್ಬಿಟ್ಟೆ ಸಾರ್. ಸಾಮಾನೂ ಕೊಟ್ಬಿಟ್ಟೆ. ಈಗ ಏಣಿ ಹತ್ತೋದು, ಇಳಿಯೋದು. ಮಂಡಿ ಇರೋವರ್ಗೂ ನಡೀತದೆ." ಆಟೋ ಹೊರಟಿತು.

ಕಾರಿನಲ್ಲಿ ಕುಳಿತು, ಆ ಅಂಗಡಿಯ ಮುಂದೆಯೇ, ಮತ್ತೆ ಬರೆದೆ. ಈ ಸಲ ವಾಕ್ಯಗಳಿಗೆ ಕರ್ತೃಪದ ಇತ್ತು: ನಾನು. ನನ್ನ ಎಡಗಿವಿ ಕಿವುಡು. ಅವರು ಸರಿಯಾಗಿ ಕೆಲಸ ಮಾಡಿದ್ದರು, ನಾನು ಪರೀಕ್ಷೆಗೆ ಒಪ್ಪದೆ ಅವರ ಮೇಲೆ ಸುಳ್ಳು ಬರೆದೆ. ಅವರ ಕೆಲಸ ಹೋದದ್ದು ನನ್ನಿಂದ. ಕಳಿಸಿದೆ.

ಈ ಬಾರಿ ಉತ್ತರಗಳು ಧಾರಾಳವಾಗಿ ಬಂದವು. ಅಯ್ಯೋ ಸರ್, ಹುಷಾರು. ಈ ವಯಸ್ಸಿನಲ್ಲಿ ಸಹಜ ಸರ್. ನಮ್ಮ ಮಾವನೂ ಮಿಷನ್ ಹಾಕಿಸಿಕೊಂಡರು, ಈಗ ಪಿಸುಮಾತೂ ಕೇಳುತ್ತೆ. ಒಳ್ಳೆಯ ಡಾಕ್ಟರ ನಂಬರನ್ನು ಮೂವರು ಕಳಿಸಿದರು. ಗೌರಿಬಿದನೂರಿನವರು, "ಇಷ್ಟು ಪ್ರಾಮಾಣಿಕವಾಗಿ ಬರೆಯೋಕೆ ನಿಮ್ಮಿಂದ ಮಾತ್ರ ಸಾಧ್ಯ" ಎಂದು ಬರೆದರು. ಚಿಕ್ಕಬಳ್ಳಾಪುರ ತಲುಪುವವರೆಗೂ ಫೋನು ಮಿಣುಕುತ್ತಲೇ ಇತ್ತು. ಮನೆಗೆ ಬಂದು ಎಲ್ಲವನ್ನೂ ಒಂದೊಂದಾಗಿ ಓದಿದೆ. ಭಾಯ್ ಬಗ್ಗೆ ಒಬ್ಬರೂ ಏನೂ ಕೇಳಿರಲಿಲ್ಲ.